ಕೂಗದ ಇಂಜಿನ್

ಸಿನಿಮಾ ಬಿಡುಗಡೆಯಾಗಿ ಇನ್ನೂ ವಾರ ತುಂಬಿರಲಿಲ್ಲ. ನಮ್ಮನೆಯವರ ಬೀಗ ರಿಪೇರಿ ಅಂಗಡಿಗೆ ಬಂದ ಗಿರಾಕಿಯೊಬ್ಬ ಕೀಲಿ ಮಾಡಿಸಿಕೊಂಡು ಹೋಗುವಾಗ, "ಸಂಜೆ ಇನ್ನೊಂದು ಕೀಲಿ ಮಾಡಿಸೋದಿದೆ, ಅಷ್ಟರಲ್ಲಿ ಅಂಗಡಿ ಬಿಟ್ಟು ಓಡಿಹೋಗ್ಬೇಡಿ ಮತ್ತೆ" ಎಂದು ನಕ್ಕನಂತೆ. ನಮ್ಮನೆಯವರು ತಲೆ ತಗ್ಗಿಸಿ ಅರ ತಿಕ್ಕುತ್ತ ಕೂತರಂತೆ. ನಾನಾಗಿದ್ದರೆ ಅದೇ ಅರದಲ್ಲಿ ಅವನ ಹಲ್ಲು ತಿಕ್ಕಿ ಕಳಿಸುತ್ತಿದ್ದೆ. ನನಗೆ ಮೂಗಿನ ತುದಿಯಲ್ಲೇ ಕೋಪ. ಅವರಿಗೆ ಆ ಭಾಗ್ಯವಿಲ್ಲ. ಹುಟ್ಟಿದಾಗಿನಿಂದ ಉಗುಳು ನುಂಗಿ ನುಂಗಿ ಅದೇ ಅಭ್ಯಾಸವಾಗಿಹೋಗಿದೆ.

ಆ ಕುಹಕದ ಹಿಂದಿನ ಕತೆ ನಮ್ಮ ಊರಿಗೆಲ್ಲ ಗೊತ್ತು. ನನ್ನ ಮಾವ ರೈಲ್ವೆ ಗಾರ್ಡು. ಗಾಡಿಯ ಕೊನೇ ಡಬ್ಬಿಯಲ್ಲಿ ಬಾವುಟ ಹಿಡಿದು ನಿಲ್ಲುವ ಕೆಲಸ. ಯುದ್ಧದ ಚಳಿಗಾಲದಲ್ಲಿ ಶತ್ರು ಸೈನ್ಯ ಹೊಳೆಯಾಚೆಯ ಪಟ್ಟಣಗಳಿಗೆ ನುಗ್ಗಿದಾಗ, ಅಲ್ಲಿಯ ಜನರನ್ನು ತುಂಬಿಕೊಂಡು ಈಚೆಗೆ ಹೊರಟ ಎರಡು ಗಾಡಿಗಳಲ್ಲಿ ಮುಂದಿನದಕ್ಕೆ ಅವರೇ ಗಾರ್ಡು. ಸೇತುವೆಗೆ ಸ್ವಲ್ಪ ಮುಂಚೆ ಹಳಿ ಕಿತ್ತಿದ್ದನ್ನು ಕಂಡು ಡ್ರೈವರು ಗಾಡಿ ನಿಲ್ಲಿಸಿದರು. ಬೆಳಗಿನ ಹೊತ್ತು, ಹತ್ತು ಮಾರಿನಾಚೆ ಏನೂ ಕಾಣದಂಥ ಮಂಜು. ಗಂಡಸರೆಲ್ಲ ಇಳಿದು ಹಳಿ ಕೂಡಿಸಲು ಮುಂದಕ್ಕೆ ಹೋದರು. ಗಾರ್ಡು ಮಾತ್ರ ಕೊನೇ ಡಬ್ಬಿಯಿಂದ ಇಳಿದು, ಬಂದ ದಾರಿಯಲ್ಲೇ ಹಿಂದಕ್ಕೆ ನಡೆದುಹೋದದ್ದನ್ನು ಕಿಟಕಿಯಲ್ಲಿದ್ದವರು ನೋಡಿದರು. ಮಂಜಿನೊಳಗೆ ಹೋದವರು ತಿರುಗಿ ಬರಲಿಲ್ಲ. ಆಮೇಲೆ ಹಿಂದುಗಡೆ ಎಲ್ಲೋ ಗುಂಡು ಹಾರಿದ ಸದ್ದು ಕೇಳಿಸಿತು. ಅಷ್ಟು ಹೊತ್ತಿಗೆ ಹಳಿ ಕೂಡಿತ್ತು. ಗಾಡಿ ಹೊರಟಿತು, ಸೇತುವೆ ದಾಟಿತು, ಜನ ಉಳಿದರು. ಡ್ರೈವರು ದೇವರಾದರು, ಗಾರ್ಡು ಓಡಿಹೋದವರಾದರು. ನಮ್ಮನೆಯವರು ಆಗಿನ್ನೂ ತಾಯಿಯ ಹೊಟ್ಟೆಯಲ್ಲಿದ್ದರು. ಭೂಮಿಗೆ ಬೀಳುವ ಮೊದಲೇ 'ಓಟಗಾರನ ಮಗ' ಎಂಬ ಹೆಸರು ಅವರಿಗೆ ಕಾದಿತ್ತು.

ಓಡುವವನು ಶತ್ರು ಬರುತ್ತಿರುವ ಕಡೆಗೇ ಓಡುತ್ತಾನೆಯೇ ಎಂದು ನಾನು ಮದುವೆಯಾದ ಹೊಸದರಲ್ಲಿ ಒಬ್ಬರನ್ನು ಕೇಳಿದ್ದೆ. ಹೆದರಿದವನಿಗೆ ದಿಕ್ಕು ತಿಳಿಯುತ್ತದೆಯೇ ಎಂದು ಅವರು ಬಾಯಿ ಮುಚ್ಚಿಸಿದ್ದರು. ಅದೂ ನಿಜವೇ. ಮಡಕೆ ಬಾಯಿ ಮುಚ್ಚಬಹುದು, ಊರ ಬಾಯಿ ಮುಚ್ಚಲಾಗುವುದಿಲ್ಲ ಎಂದು ಸುಮ್ಮನಾಗಿದ್ದೆ.

ಆದರೆ ಊರು ಮಾವನನ್ನು ಬರೀ ಹೇಡಿ ಎಂದಿತ್ತು. ಅದೇ ಗಾಡಿಯ ಕತೆ ಹಿಡಿದು ತೆಗೆದ ಈ ಸಿನಿಮಾ ಅವರನ್ನು ದ್ರೋಹಿ ಮಾಡಿತು. ಅದರಲ್ಲಿ ಗಾರ್ಡು ಶತ್ರುವಿನಿಂದ ಮೊದಲೇ ಏನೋ ಪಡೆದುಕೊಂಡು, ಬಾವುಟ ಬೀಸಿ ಅವರನ್ನು ಗಾಡಿಯ ಕಡೆಗೆ ಕರೆಯುತ್ತಾನೆ. ಚಿತ್ರ ನೋಡಿ ಬಂದವರ ನೆನಪುಗಳೆಲ್ಲ ಬದಲಾಗತೊಡಗಿದವು. ಪಕ್ಕದ ಮನೆಯ ಅಜ್ಜಿ ಆ ಗಾಡಿಯಲ್ಲಿದ್ದವರು. ಮಗುವನ್ನು ಮಡಿಲಲ್ಲಿ ಕವುಚಿಕೊಂಡು ಕಣ್ಣುಮುಚ್ಚಿ ಕೂತಿದ್ದೆ, ಏನೂ ನೋಡಲಿಲ್ಲ ಎಂದು ಇಷ್ಟು ವರ್ಷ ಹೇಳುತ್ತಿದ್ದವರು, ಈಗ ನೀರು ಹಿಡಿಯಲು ಬಂದಾಗ, "ನಾನೇ ನೋಡಿದೀನಲ್ಲ, ಕೆಂಪು ಬಾವುಟ ಹೀಗೆ ಬೀಸಿದ್ದು" ಎಂದು ಕೈಯೆತ್ತಿ ತೋರಿಸಿದರು. ಬೀಸಿ ತೋರಿಸಿದ್ದು ಥೇಟು ಸಿನಿಮಾ ಪೋಸ್ಟರಿನಲ್ಲಿ ಗಾರ್ಡು ಬೀಸಿದ ಹಾಗೆಯೇ ಇತ್ತು. ಅವರು ಸುಳ್ಳು ಹೇಳುತ್ತಿರಲಿಲ್ಲ. ಅವರಿಗೆ ಹಾಗೇ ನೆನಪಾಗುತ್ತಿತ್ತು. ಅದಕ್ಕೇ ನನಗೆ ಭಯವಾಯಿತು.

ನಮ್ಮತ್ತೆ, ಅಂದರೆ ಆ ಗಾರ್ಡಿನ ಹೆಂಡತಿ, ಗಂಡ ಓಡಿದರೋ ಇಲ್ಲವೋ ಎಂಬ ಬಗ್ಗೆ ನನ್ನೆದುರು ಒಂದು ದಿನವೂ ಬಾಯಿಬಿಟ್ಟವರಲ್ಲ. ಮೊದಮೊದಲು ಊರಿನವರ ಹತ್ತಿರ ಏನೋ ಹೇಳಲು ಹೋಗಿದ್ದರಂತೆ. ಗಂಡನ ಪರ ಹೆಂಡತಿ ಮಾತಾಡದೆ ಇನ್ನು ಯಾರು ಮಾತಾಡುತ್ತಾರೆ ಎಂದು ನಕ್ಕಿದ್ದಕ್ಕೆ ತುಟಿ ಹೊಲಿದುಕೊಂಡರಂತೆ. ನಮ್ಮನೆಯವರು ಇದುವರೆಗೂ ರೈಲು ಹತ್ತಿಲ್ಲ, ಎಲ್ಲಿಗೆ ಹೋದರೂ ಬಸ್ಸು. ಒಂದೇ ಒಂದು ಸಲ, ನಮ್ಮ ಮಗಳು ಹುಟ್ಟಿದ ದಿನ, ಅವರು ನನ್ನ ಮಂಚದ ಪಕ್ಕ ಕೂತು, "ಅಪ್ಪ ಸತ್ರು ಅಂತ ದುಃಖ ಇಲ್ಲ ಕಣೇ, ನಾನು ನೋಡೇ ಇಲ್ವಲ್ಲ. ಓಡಿದ್ರೋ ಇಲ್ವೋ ಅಂತ ಗೊತ್ತಿರೋರು ಯಾರಾದ್ರೂ ಒಬ್ರು ಹೇಳಿದ್ರೆ ಸಾಕಿತ್ತು" ಎಂದಿದ್ದರು. ಆ ಮಾತು ನನ್ನ ಎದೆಯಲ್ಲಿ ಮುಳ್ಳು ಮುರಿದಂತೆ ಉಳಿದಿದೆ.

ಎರಡನೇ ವಾರ ನಮ್ಮ ಊರಿನ ಚಿತ್ರಮಂದಿರದಲ್ಲಿ ಮಧ್ಯಾಹ್ನ ಒಂದು ವಿಶೇಷ ಪ್ರದರ್ಶನ ಇಟ್ಟರು. ನಿರ್ದೇಶಕರು ಬರುತ್ತಾರೆ, ಸಿನಿಮಾ ಮುಗಿದ ಮೇಲೆ ಆ ಡ್ರೈವರಿಗೆ ಸನ್ಮಾನ ಎಂದು ಗೋಡೆಗೋಡೆಗೆ ಅಂಟಿಸಿದ್ದರು. ಡ್ರೈವರಜ್ಜ ಇನ್ನೂ ಬದುಕಿದ್ದರು. ನಮ್ಮ ಮನೆಗೆ ಎಂದೂ ಬಂದವರಲ್ಲ. ಕಾಲು ಗಟ್ಟಿಯಿದ್ದಾಗ ಬೀದಿಯಲ್ಲಿ ಅತ್ತೆ ಕಂಡರೆ ಆಚೆ ಬದಿಗೆ ದಾಟಿಬಿಡುತ್ತಿದ್ದರು. ಓಡಿಹೋದವನ ಹೆಂಡತಿಯ ಮುಖ ನೋಡಲು ಅವರಿಗೆ ಹೇಸಿಗೆ ಎಂದೇ ನಾನು ತಿಳಿದಿದ್ದೆ.

"ನಾನೂ ಬರ್ತೀನಿ, ಕರ್ಕೊಂಡು ಹೋಗು" ಎಂದರು ಅತ್ತೆ.

ನಾನು ಹೊಲಿಗೆ ಯಂತ್ರದ ಮುಂದೆ ಶಾಲೆಯ ಸಮವಸ್ತ್ರದ ಕಾಲರು ಕೂಡಿಸುತ್ತಿದ್ದವಳು ತುಳಿಯುವುದನ್ನು ನಿಲ್ಲಿಸಿದೆ. "ಬೇಡ ಅತ್ತೆ. ಅದರಲ್ಲಿ ಮಾವನ್ನ ಹೇಗೆ ತೋರಿಸಿದಾರೆ ಅಂದ್ರೆ..."

"ಗೊತ್ತು. ಪಕ್ಕದ ಮನೆಯವಳು ಬಂದು ಒಂದೂ ಬಿಡದೆ ಹೇಳಿ ಹೋಗಿದಾಳೆ."

"ಮತ್ತೆ ಯಾಕೆ ನೋಡೋದು? ಗಾಯದ ಮೇಲೆ ಬರೆ ಹಾಕಿಸ್ಕೊಳ್ಳೋಕಾ?"

"ನನ್ ಹತ್ರ ಇರೋ ಫೋಟೋದಲ್ಲಿ ಅವರು ನಿಂತೇ ಇದಾರಲ್ಲೇ ಹುಡುಗಿ. ನಡೆಯೋದು ನೋಡಿ ಎಷ್ಟು ವರ್ಷ ಆಯ್ತು. ಯಾರೋ ಒಬ್ಬ ಆ ಬಟ್ಟೆ ಹಾಕ್ಕೊಂಡು ನಡೀತಾನೆ, ನೋಡ್ತೀನಿ ಬಿಡು."

ಐವತ್ತು ದಾಟಿದ ಸೊಸೆಯನ್ನು ಇನ್ನೂ ಹುಡುಗಿ ಎನ್ನುವವರು ಅವರೊಬ್ಬರೇ. ನಾನು ಹೂಂ ಎಂದೆ. ರಾತ್ರಿ ಊಟಕ್ಕೆ ಕೂತಾಗ ಇದನ್ನು ಕೇಳಿದ ನಮ್ಮನೆಯವರು ಮಾತ್ರ ತಟ್ಟೆಯ ಮುಂದಿನಿಂದ ಎದ್ದು, "ನೀವಿಬ್ರೂ ಹೋಗಿ, ನಾನು ಬರಲ್ಲ" ಎಂದು ಕೈತೊಳೆಯಲು ಹೋದರು. ಆದರೂ ಆ ದಿನ ಅಂಗಡಿಗೆ ಬೀಗ ಹಾಕಿ ನಮ್ಮ ಹಿಂದೆಯೇ ಬಂದರು. ಒಳಗೆ ಕೂರಲು ಮಾತ್ರ ಒಪ್ಪಲಿಲ್ಲ. ಹಿಂದಿನ ಬಾಗಿಲ ಪರದೆಯ ಪಕ್ಕ ಗೋಡೆಗೊರಗಿ ನಿಂತುಕೊಂಡರು.

ಮಂದಿರ ಕಿಕ್ಕಿರಿದಿತ್ತು. ಡ್ರೈವರಜ್ಜನನ್ನು ಅವರ ಮೊಮ್ಮಗಳು ಗಾಲಿಕುರ್ಚಿಯಲ್ಲಿ ತಳ್ಳಿಕೊಂಡು ಬಂದಾಗ ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಮುಂದಿನ ಸಾಲಿನ ತುದಿಯಲ್ಲಿ ಅವರ ಕುರ್ಚಿ ನಿಲ್ಲಿಸಿದರು. ಅತ್ತೆಗೆ ಕಣ್ಣು ಮಂಜು, ಹತ್ತಿರದಿಂದಲೇ ನೋಡಬೇಕು. ಹಾಗಾಗಿ ನಾವು ಅವರ ಹಿಂದಿನ ಸಾಲಿನಲ್ಲೇ ಕೂತೆವು.

ಸಿನಿಮಾದ ಬಗ್ಗೆ ನಾನು ಹೆಚ್ಚು ಹೇಳುವುದಿಲ್ಲ. ನಾಯಕ ಓಡುವ ಗಾಡಿಯ ಮೇಲೆ ಓಡುತ್ತಾನೆ, ಕಲ್ಲಿದ್ದಲು ಎತ್ತುವ ಸಲಿಕೆಯಲ್ಲಿ ಸೈನಿಕರನ್ನು ಕೆಡವುತ್ತಾನೆ. ಕೊನೆಗೆ ಸೇತುವೆ ಮುರಿದು ಬಿದ್ದಿದ್ದರೂ ಇಡೀ ರೈಲು ಹೊಳೆ ಹಾರುತ್ತದೆ. ನಮ್ಮಪ್ಪ ಗ್ಯಾಂಗ್‌ಮನ್ ಆಗಿದ್ದವನು, ಹಳಿಯ ಬೋಲ್ಟು ಬಿಗಿಯುತ್ತ ತಲೆ ಹಣ್ಣು ಮಾಡಿಕೊಂಡವನು. ಬದುಕಿದ್ದು ಇದನ್ನು ನೋಡಿದ್ದರೆ ನಕ್ಕು ನಕ್ಕೇ ಸಾಯುತ್ತಿದ್ದ. ಜನ ನಗಲಿಲ್ಲ. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವಂತೆ ಕಣ್ಣರಳಿಸಿ ನೋಡುತ್ತಿದ್ದರು. ನನ್ನ ಮಗ್ಗುಲಲ್ಲಿ ಕೂತವರಂತೂ ಕಣ್ಣೊರೆಸಿಕೊಳ್ಳುತ್ತಿದ್ದರು.

ರೈಲು ಹಾರುವುದಕ್ಕೆ ಮುಂಚೆಯೇ ಗಾರ್ಡು ಬಂದ. ತೆಳು ಮೀಸೆ, ಕಳ್ಳ ಕಣ್ಣು. ಪರದೆಯ ತುಂಬ ಮಂಜು. ಅವನು ಕೊನೇ ಡಬ್ಬಿಯಿಂದ ಇಳಿದು ಹಿಂದೆ ಮುಂದೆ ನೋಡಿ, ಬಗ್ಗಿಕೊಂಡು ಹಳಿಗುಂಟ ನಡೆದ. ಸಭೆಯಲ್ಲಿ ಯಾರೋ ಥೂ ಎಂದರು, ಸಿಳ್ಳೆ ಎದ್ದಿತು. ನಾನು ಅತ್ತೆಯ ಮುಖ ನೋಡಲಾರದೆ ಪರದೆಯನ್ನೇ ನೋಡುತ್ತ ಕೂತೆ. ಅವನು ಬಾವುಟ ಬೀಸುತ್ತ ಮಂಜಿನಲ್ಲಿ ಕರಗಿದ. ಅವನ ಉಪಯೋಗ ಮುಗಿಯಿತೆಂದು ಶತ್ರುಗಳೇ ಅವನನ್ನು ಕೊಲ್ಲುತ್ತಾರೆ. ಅದನ್ನು ತೋರಿಸುವುದಿಲ್ಲ, ಸದ್ದು ಮಾತ್ರ ಕೇಳಿಸುತ್ತದೆ. ದೂರದಿಂದ ಒಂದು. ಅಷ್ಟೇ ಹೊತ್ತು ಬಿಟ್ಟು ಇನ್ನೊಂದು. ಅಷ್ಟೇ ಹೊತ್ತು ಬಿಟ್ಟು ಮತ್ತೊಂದು. ಆಮೇಲೆ ಏನೂ ಇಲ್ಲ. ಜನ ಚಪ್ಪಾಳೆ ತಟ್ಟಿದರು.

ಆ ಸದ್ದು ನನಗೆ ಹುಟ್ಟಿನಿಂದಲೇ ಪರಿಚಯ. ಮಂಜಿನ ದಿನಗಳಲ್ಲಿ ಅಪ್ಪ ತಗಡಿನ ಡಬ್ಬಿ ಹಿಡಿದು ಹೊರಡುತ್ತಿದ್ದ. ಅದರಲ್ಲಿ ಬಿಲ್ಲೆಯಂಥ ಪಟಾಕಿಗಳು. ಬಾವುಟ, ದೀಪ ಎರಡೂ ಕಾಣದಂಥ ಮಂಜಿನಲ್ಲಿ ಅವನ್ನು ಹಳಿಗೆ ಕಟ್ಟುತ್ತಾರೆ. ಇಂಜಿನ್ನಿನ ಗಾಲಿ ಹತ್ತಿದ ಕೂಡಲೇ ಸಿಡಿಯುತ್ತವೆ, ಸದ್ದು ಕೇಳಿ ಡ್ರೈವರ್ ಗಾಡಿ ನಿಲ್ಲಿಸುತ್ತಾನೆ. ನಮ್ಮ ರೈಲ್ವೆ ವಠಾರದ ಮಕ್ಕಳೆಲ್ಲ ಆ ಸದ್ದಿಗೇ ಎದ್ದು ಶಾಲೆಗೆ ಹೊರಟವರು. ಬಂದೂಕಿನ ಗುಂಡು ಹೀಗೆ ಅಳೆದಂತೆ ಹಾರುವುದಿಲ್ಲ. ಗಾಲಿ ಹೀಗೆ ಉರುಳುತ್ತದೆ.

ಅತ್ತೆಯ ಕಡೆ ತಿರುಗಿದೆ. ಅವರ ಕೈ ನನ್ನ ಮಣಿಕಟ್ಟನ್ನು ಆಗಲೇ ಬಿಗಿಯಾಗಿ ಹಿಡಿದಿತ್ತು. ತುಟಿ ಅಲ್ಲಾಡುತ್ತಿತ್ತು. ಕಿವಿ ಹತ್ತಿರ ಒಯ್ದೆ.

"ಗಾಡಿ ದಾರಿ ಮಧ್ಯೆ ನಿಂತರೆ ಗಾರ್ಡು ಹಿಂದಕ್ಕೆ ಹೋಗಬೇಕು. ಹತ್ತಿರದಲ್ಲಿ ಒಂದು ಕಟ್ಟಬೇಕು. ದೂರದಲ್ಲಿ ಮೂರು ಕಟ್ಟಬೇಕು. ಅಲ್ಲೇ ನಿಲ್ಲಬೇಕು. ಇಂಜಿನ್ನು ಉದ್ದಕ್ಕೆ ಕೂಗಿ ಕರೆಯೋ ತನಕ ಬರಕೂಡದು."

ಅತ್ತೆಯ ಮದುವೆಯಾದ ಹೊಸದರಲ್ಲಿ ಮಾವ ಬಡ್ತಿ ಪರೀಕ್ಷೆಗೆ ಓದುತ್ತಿದ್ದರಂತೆ. ಅತ್ತೆ ನಿಯಮದ ಪುಸ್ತಕ ಹಿಡಿದು ಪ್ರಶ್ನೆ ಕೇಳುವುದು, ಅವರು ಕಣ್ಣುಮುಚ್ಚಿ ಒಪ್ಪಿಸುವುದು. ಊರಿನವರ ಮುಂದೆ ಆಗ ಹೇಳಲು ಹೋಗಿದ್ದು ಇದನ್ನೇ. ಆದರೆ ಪಟಾಕಿಯ ಡಬ್ಬಿ ಹಿಡಿದು ಹೋದವರು ಅವನ್ನು ಕಟ್ಟಿದರೋ, ಡಬ್ಬಿ ಬಿಸಾಡಿ ಓಡಿದರೋ, ಮಂಜಿನಲ್ಲಿ ಕಂಡವರಿಲ್ಲ. ಕೆಲಸಕ್ಕೆ ಹೋಗುವವನೂ ಓಡಿಹೋಗುವವನೂ ಕಿಟಕಿಯಿಂದ ನೋಡಿದರೆ ಬೆನ್ನು ಒಂದೇ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂದು ಹಿರಿಯರು ಸುಮ್ಮನೆ ಹೇಳಲಿಲ್ಲ. ಗುಂಡಿನ ಸದ್ದು ಕೇಳಿಸಿತು ಎಂದು ಎಲ್ಲರೂ ಹೇಳಿದ್ದರೇ ಹೊರತು ಎಷ್ಟು, ಹೇಗೆ ಎಂದು ಅತ್ತೆಯ ಮುಂದೆ ಯಾರೂ ಹೇಳಿರಲಿಲ್ಲ. ಈಗ ಅವರ ಗಂಡನನ್ನು ದ್ರೋಹಿ ಮಾಡಿದ ಸಿನಿಮಾವೇ ಅದನ್ನು ಅವರ ಕಿವಿಗೆ ಹಾಕಿತು.

ಸಿನಿಮಾ ಅಷ್ಟಕ್ಕೇ ಮುಗಿಯಲಿಲ್ಲ. ನಾಯಕ ಇಂಜಿನ್ನಿಗೆ ನೆಗೆದ. ಸರಪಳಿ ಎಳೆದು ಉದ್ದಕ್ಕೆ ಕೂಗು ಹಾಕಿಸಿದ. ಮಂದಿರದ ಗೋಡೆಯೆಲ್ಲ ನಡುಗುವಂಥ ಕೂಗು, ನಿಲ್ಲುವುದೇ ಇಲ್ಲವೇನೋ ಎನ್ನುವ ಹಾಗೆ. ಜನ ಕುರ್ಚಿಯಿಂದೆದ್ದು ಸಿಳ್ಳೆ ಹೊಡೆದರು. ಆಗ ನಾನು ಕಂಡೆ. ನಮ್ಮ ಮುಂದಿದ್ದ ಡ್ರೈವರಜ್ಜ ಎರಡೂ ಕೈಯಲ್ಲಿ ಕಿವಿ ಮುಚ್ಚಿಕೊಂಡು, ಹಣೆ ಮೊಣಕಾಲಿಗೆ ತಾಗುವಷ್ಟು ಬಗ್ಗಿ ಕೂತಿದ್ದರು. ಸದ್ದು ಜೋರಾಯಿತೇನೋ ಎಂದು ಮೊಮ್ಮಗಳು ಬೆನ್ನು ಸವರುತ್ತಿದ್ದಳು. ಅತ್ತೆಯೂ ಅವರನ್ನೇ ನೋಡುತ್ತಿದ್ದರು, ಪರದೆಯನ್ನಲ್ಲ.

ಸಿನಿಮಾ ಮುಗಿದು ವೇದಿಕೆ ಸಿದ್ಧವಾಗುವ ತನಕ ಅಜ್ಜನನ್ನು ಪಕ್ಕದ ಮ್ಯಾನೇಜರ್ ಕೋಣೆಗೆ ಕರೆದೊಯ್ದರು. ಅತ್ತೆ ಎದ್ದವರೇ ಆ ಕಡೆ ನಡೆದರು. ಬಾಗಿಲಲ್ಲಿ ತಡೆಯಲು ಬಂದವನನ್ನು ನಾನು ನೋಡಿದ ನೋಟಕ್ಕೆ ಅವನೇ ದಾರಿ ಬಿಟ್ಟ.

ಕೋಣೆಯಲ್ಲಿ ಹಳೇ ಪೋಸ್ಟರಿನ ಸುರುಳಿಗಳು, ಒಂದು ಮೇಜು, ಮುಚ್ಚಿಟ್ಟ ಚಹಾದ ಲೋಟಗಳು. ಅಜ್ಜ, ಮೊಮ್ಮಗಳು, ನಿರ್ದೇಶಕರು ಇಷ್ಟೇ ಜನ. ನಿರ್ದೇಶಕರು ಇನ್ನೂ ಚಿಕ್ಕ ವಯಸ್ಸಿನವರು. ಯಾರಮ್ಮ ನೀವು ಎಂದು ಮೆತ್ತಗೇ ಕೇಳಿದರು.

"ಗಾರ್ಡಿನ ಹೆಂಡತಿ ಇವರು. ನಾನು ಸೊಸೆ. ಇಂಥೋರು ಒಬ್ರು ಬದುಕಿದಾರೆ ಅಂತ ಕತೆ ಬರೆಯೋವಾಗ ನಿಮಗೆ ಯಾರೂ ಹೇಳಲಿಲ್ವಾ?" ಎಂದೆ.

ಅವರ ಮುಖ ಬಣ್ಣಗೆಟ್ಟಿತು. ಎದ್ದು ತಮ್ಮ ಕುರ್ಚಿಯನ್ನೇ ಅತ್ತೆಗೆ ಎಳೆದುಕೊಟ್ಟರು. "ನಾವು ಗಾಳಿಗೋಪುರ ಕಟ್ಟಿಲ್ಲಮ್ಮ. ರೈಲು ಹಾರೋದು, ಹೊಡೆದಾಟ, ದುಡ್ಡು ತಗೊಂಡ ಅನ್ನೋದು, ಅದೆಲ್ಲ ನಮ್ದು, ಒಪ್ಕೋತೀನಿ. ಜನ ಕೂತು ನೋಡ್ಬೇಕಲ್ಲ. ಆದ್ರೆ ಗಾರ್ಡ್ ಇಳಿದು ಹಿಂದಕ್ಕೆ ಹೋಗಿದ್ದು ಆ ಗಾಡೀಲಿದ್ದ ಎಲ್ರೂ ಹೇಳಿದ್ದು. ಮೂರು ಗುಂಡಿನ ಸದ್ದಂತೂ, ಕೇಳಿದೋರೆಲ್ಲ ಮೇಜಿನ ಮೇಲೆ ಒಂದೇ ಥರ ಬಡಿದು ತೋರಿಸಿದ್ರು. ಅದನ್ನ ನಾವು ಒಂಚೂರೂ ಮುಟ್ಟಿಲ್ಲ, ಅವರು ಹೇಳಿದ ಹಾಗೇ ಇಟ್ಟಿದೀವಿ."

"ಅದು ಗುಂಡಲ್ಲ, ಪಟಾಕಿ" ಎಂದು ನಾನು ಎಲ್ಲವನ್ನೂ ಬಿಡಿಸಿ ಹೇಳಿದೆ. ಮಾವನ ಗಾಡಿಯ ಹಿಂದೆಯೇ ಇನ್ನೊಂದು ಗಾಡಿ ಜನ ತುಂಬಿಕೊಂಡು ಹೊರಟಿತ್ತು. ಪಟಾಕಿ ಸಿಡಿದಿದ್ದರೆ ಅದರ ಗಾಲಿಗೆ ಸಿಕ್ಕಿಯೇ ಸಿಡಿಯಬೇಕು. ದೂರದ ಮೂರು ಸಿಡಿದು, ಹತ್ತಿರದ ಒಂದು ಸಿಡಿಯಲಿಲ್ಲ ಎಂದರೆ ಆ ಗಾಡಿ ನಡುವೆ ನಿಂತಿತು, ಮುಂದಿನದಕ್ಕೆ ಬಂದು ಗುದ್ದಲಿಲ್ಲ. ಅದು ಹಾಗೇ ಹಿಂದಕ್ಕೆ ಹೋಗಿರಬೇಕು. ಆ ಕಡೆಯ ನೆಲ ಆಮೇಲೆ ಬೇರೆ ದೇಶವಾಯಿತು, ಅದರಲ್ಲಿದ್ದವರ ಸುದ್ದಿ ಈಚೆಗೆ ಬರಲಿಲ್ಲ.

ನಿರ್ದೇಶಕರು ಹಣೆ ಉಜ್ಜಿಕೊಂಡರು. "ಇರಬಹುದಮ್ಮ. ಆದ್ರೆ ಜನಕ್ಕೆ ಗೊತ್ತಾಗದಿದ್ರೂ ಡ್ರೈವರಿಗೆ ಗೊತ್ತಾಗ್ಬೇಕಿತ್ತಲ್ಲ. ಇವರು ನಮ್ ಹತ್ರ..." ಎಂದವರು ಅಲ್ಲಿಗೇ ನಿಲ್ಲಿಸಿ ಅಜ್ಜನ ಕಡೆ ನೋಡಿದರು. ಎಲ್ಲರೂ ನೋಡಿದೆವು.

ಅತ್ತೆ ಕುರ್ಚಿಯನ್ನು ಗಾಲಿಕುರ್ಚಿಯ ಎದುರಿಗೆ ಸರಿಸಿಕೊಂಡು ಕೂತರು. "ನಿಮಗೆ ಎಷ್ಟು ಕೇಳಿಸ್ತು?" ಎಂದರು.

ಅಜ್ಜನ ಬೆರಳು ಕುರ್ಚಿಯ ಕೈಮೇಲೆ ಬಡಿಯಿತು. ಒಂದು, ಎರಡು, ಮೂರು. ಸಿನಿಮಾದಲ್ಲಿ ಕೇಳಿದ ಹಾಗೆಯೇ ಇತ್ತು.

"ನಾಲ್ಕನೇದು?"

"ಇಲ್ಲ."

"ಅಂದ್ರೆ ಅವರು ಕಟ್ಟಿದ್ರು."

"ಕಟ್ಟಿದ್ರು ತಾಯಿ. ನನಗೆ ಆಗಲೇ ಗೊತ್ತಾಯ್ತು. ಹಿಂದಿನ ಗಾಡಿ ನಿಲ್ತು ಅಂತಾನೂ ಗೊತ್ತಾಯ್ತು."

ಅತ್ತೆ ಕಣ್ಣುಮುಚ್ಚಿ ತೆರೆದರು. ಅಷ್ಟು ವರ್ಷ ಬೇಕಾಗಿದ್ದ ಮಾತು ಬಂದಿತ್ತು. ನಾನಾಗಿದ್ದರೆ ಅಲ್ಲಿಗೇ ಎದ್ದುಬಿಡುತ್ತಿದ್ದೆ. ಅವರು ಏಳಲಿಲ್ಲ.

"ಆಮೇಲೆ ನೀವು ಕೂಗು ಹಾಕಿದ್ರಾ?"

ಮೊಮ್ಮಗಳು ನೀರು ಕೊಡಲು ಬಂದಳು, ಅಜ್ಜ ಅದನ್ನು ಕೈಯಿಂದ ಸರಿಸಿದರು.

"ಇಲ್ಲ. ಎಲ್ರೂ ಗುಂಡು ಗುಂಡು ಅಂತ ಅರಚ್ತಾ ಇದ್ರು. ಅದು ಗುಂಡಲ್ಲ ಅಂತ ಗೊತ್ತಿದ್ದೋನು ನಾನೊಬ್ನೇ. ಕಲ್ಲಿದ್ದಲು ಹಾಕೋನೂ ಕೆಳಗಿಳಿದು ಹಳಿ ಹತ್ರ ಇದ್ದ. ಕೂಗಿ ಕರೆದ್ರೆ ಅವರು ನಡೆದು ಬರೋ ತನಕ ಕಾಯ್ಬೇಕು. ಕೂಗು ಕೇಳಿ ಶತ್ರುನೂ ಬರ್ತಾನೆ ಅಂತ ಹೆದರಿಕೆ ಆಯ್ತು. ಹಳಿ ಕೂಡಿತ್ತು. ಹೊರಟುಬಿಟ್ಟೆ."

"ಕೇಳಿದೋರಿಗೆ ಏನು ಹೇಳಿದ್ರಿ?"

"ಅವರು ತಿರುಗಿ ಬರಲಿಲ್ಲ ಅಂದೆ. ಉಳಿದಿದ್ದು ಜನಾನೇ ಹೇಳಿದ್ರು. ಇವತ್ತು ಹೇಳ್ತೀನಿ, ನಾಳೆ ಹೇಳ್ತೀನಿ ಅಂದ್ಕೊಂಡೇ... ಆಮೇಲೆ ಬಾಯೇ ಬರಲಿಲ್ಲ ತಾಯಿ."

ಈ ಮನುಷ್ಯ ಬೀದಿ ದಾಟುತ್ತಿದ್ದುದು ಹೇಸಿಗೆಗಲ್ಲ. ನನ್ನ ಗಂಡ ಶಾಲೆಯಲ್ಲಿ, ಬೀದಿಯಲ್ಲಿ, ಅಂಗಡಿಯಲ್ಲಿ ನುಂಗಿದ ಉಗುಳಿನ ಲೆಕ್ಕವನ್ನೆಲ್ಲ ಅವರ ಮುಖಕ್ಕೆ ಎರಚಬೇಕೆಂದು ಬಾಯಿ ತೆರೆದೆ. ಅತ್ತೆ ಹಿಂದಕ್ಕೆ ಕೈಚಾಚಿ ನನ್ನನ್ನು ಹಿಡಿದುಕೊಂಡರು.

"ನನ್ ಮಗ ಹಿಂದಿನ ಬಾಗಿಲ ಹತ್ರ ನಿಂತಿದಾನೆ" ಎಂದರು ಅಜ್ಜನಿಗೆ. "ನನಗೆ ಹೇಳಿದ್ದಾಯ್ತು. ಅವನಿಗೆ ಕೇಳಿಸ್ಬೇಕು. ಅಲ್ಲಿ, ಮೈಕಿನಲ್ಲಿ ಹೇಳಿ."

ಅಜ್ಜ ಹೇಳಿದರು. ಅದನ್ನು ನಾನು ಒಪ್ಪಬೇಕು. ವೇದಿಕೆಯ ಮೇಲೆ ಹೂಗುಚ್ಛ ಕೊಟ್ಟು, ಹೊಳೆಯುವ ಫಲಕ ಮಡಿಲಿಗಿಟ್ಟು ಮೈಕು ಹಿಡಿದಾಗ, ಅವರು ಫಲಕವನ್ನು ಕೆಳಗಿಡಿಸಿದರು. ಧ್ವನಿ ಸಣ್ಣಗಿದ್ದರೂ ಮಾತು ನಡುಗಲಿಲ್ಲ.

"ಗಾರ್ಡ್ ಓಡಿಹೋಗಲಿಲ್ಲ. ಹಿಂದಿನ ಗಾಡೀನ ನಿಲ್ಲಿಸೋಕೆ ಹೋದ್ರು. ನಿಲ್ಲಿಸಿದ್ರು. ನಿಮಗೆ ಕೇಳಿಸಿದ್ದು ಗುಂಡಲ್ಲ, ಅವರು ಹಳಿಗೆ ಕಟ್ಟಿದ್ದು ಸಿಡಿದ ಸದ್ದು. ನಾನು ಕೂಗು ಹಾಕಿ ಕರೀಬೇಕಿತ್ತು. ಕರೀಲಿಲ್ಲ. ಅವರನ್ನ ಅಲ್ಲೇ ಬಿಟ್ಟು ಬಂದೆ. ಇದರಲ್ಲಿ ಬಿಟ್ಟು ಓಡಿದೋನು ಯಾರಾದ್ರೂ ಇದ್ರೆ, ಅದು ನಾನು."

ಆಮೇಲೆ ಎಲ್ಲೋ ಮಧ್ಯದಲ್ಲಿ ಒಬ್ಬರು ಚಪ್ಪಾಳೆ ತಟ್ಟಿದರು. ಇನ್ನೊಬ್ಬರು ತಟ್ಟಿದರು. ನೋಡುತ್ತಿದ್ದಂತೆ ಇಡೀ ಮಂದಿರ ಎದ್ದು ನಿಂತು ತಟ್ಟತೊಡಗಿತು. ನಿರೂಪಣೆ ಮಾಡುತ್ತಿದ್ದ ಹೆಂಗಸು ಕಣ್ಣೀರೊರೆಸಿಕೊಂಡು ಮೈಕು ತೆಗೆದುಕೊಂಡಳು. "ನೋಡಿ, ಎಂಥ ದೊಡ್ಡ ಮನಸ್ಸು. ಮೋಸ ಮಾಡಿದವನ ತಪ್ಪನ್ನೂ ತಮ್ಮ ತಲೆ ಮೇಲೆ ಹೊತ್ಕೋತಾರೆ. ವೀರರು ಅಂದ್ರೆ ಹೀಗಿರ್ತಾರೆ." ಚಪ್ಪಾಳೆ ಇನ್ನೂ ಜೋರಾಯಿತು. ಪಕ್ಕದ ಮನೆಯ ಅಜ್ಜಿ ಬಿಕ್ಕಿ ಬಿಕ್ಕಿ ಅಳುತ್ತ, "ದ್ರೋಹೀನೂ ಕ್ಷಮಿಸಿಬಿಟ್ರಲ್ಲ ಪುಣ್ಯಾತ್ಮ" ಎನ್ನುತ್ತಿದ್ದರು. ಅಲ್ಲ, ಅಲ್ಲ ಎಂದು ವೇದಿಕೆಯ ಮೇಲೆ ಅಜ್ಜ ತಲೆಯಾಡಿಸುತ್ತಲೇ ಇದ್ದರು. ಆ ತಲೆಯಾಡಿಸುವುದನ್ನೂ ಜನ ವಿನಯವೆಂದೇ ತಿಳಿದರು. ನಿರ್ದೇಶಕರಿಗೆ ನಿಜ ಗೊತ್ತಿತ್ತು. ಅವರು ವೇದಿಕೆಯ ಮೂಲೆಯಲ್ಲಿ ನೆಲ ನೋಡುತ್ತ ನಿಂತಿದ್ದರು, ಮೈಕಿನ ಹತ್ತಿರ ಬರಲಿಲ್ಲ.

ನಾನು ಎದ್ದು ಕೂಗಿದೆ. ಏನು ಕೂಗಿದೆನೋ ನನಗೇ ಕೇಳಿಸಲಿಲ್ಲ. ನನ್ನಂಥ ಗಂಟಲಿನವಳ ಮಾತು ಆ ಚಪ್ಪಾಳೆಯಲ್ಲಿ ನೀರಲ್ಲಿ ಹಾಕಿದ ಉಪ್ಪಿನಂತಾಯಿತು. ಅತ್ತೆ ನನ್ನ ತೋಳು ಜಗ್ಗಿದರು. "ಬಾರೇ ಹುಡುಗಿ. ಅವರಿಗಲ್ಲ ಹೇಳಿಸಿದ್ದು."

ನಮ್ಮನೆಯವರು ಬಾಗಿಲ ಹತ್ತಿರ ಇರಲಿಲ್ಲ. ಹೊರಗೆ ಬಂದರೆ ಟಿಕೆಟ್ ಕಿಟಕಿಯ ಕೆಳಗೆ, ಸೈಕಲ್ ನಿಲ್ಲಿಸುವ ಕಟ್ಟೆಯ ಪಕ್ಕ ನಿಂತಿದ್ದರು. ಮುಖದಲ್ಲಿ ಏನೂ ತಿಳಿಯುತ್ತಿರಲಿಲ್ಲ. ಮೂವರೂ ಮನೆ ಕಡೆ ನಡೆದೆವು. ಬಿಸಿಲು ಇಳಿದಿತ್ತು. ನಮ್ಮ ಬೀದಿಗೆ ತಿರುಗುವಲ್ಲಿ ರೈಲ್ವೆ ಗೇಟು ಮುಚ್ಚಿತ್ತು. ಗಾಡಿ ಬರುವವರೆಗೆ ಕಾಯಬೇಕಾಯಿತು. ಯಾವಾಗಲೂ ಗೇಟಿನ ಹತ್ತಿರ ಬೆನ್ನು ತಿರುಗಿಸಿ ನಿಲ್ಲುವ ಮನುಷ್ಯ, ಅವತ್ತು ಅಡ್ಡಗಂಬಿಯ ಮೇಲೆ ಎರಡೂ ಕೈಯಿಟ್ಟು ಹಳಿಯನ್ನೇ ನೋಡುತ್ತ ನಿಂತರು.

"ಅಮ್ಮಾ" ಎಂದರು. "ಅಪ್ಪ ಅಲ್ಲಿ ಎಷ್ಟೊತ್ತು ನಿಂತಿರಬಹುದು?"

ಅತ್ತೆ ಮಗನ ಅಂಗಿಯ ಬೆನ್ನಿಗೆ ಅಂಟಿದ್ದ ಗೋಡೆಯ ಸುಣ್ಣವನ್ನು ಕೈಯಿಂದ ಒರೆಸಿದರು.

"ಹಿಂದಿನ ಗಾಡಿಯವರು ಬಾ ಅಂತ ಕರೆದಿರ್ತಾರೆ. ಇವರು ಹತ್ತಿರಲ್ಲ. ತನ್ನ ಗಾಡಿ ಬಿಟ್ಟು ಬೇರೆ ಗಾಡಿ ಹತ್ತೋ ಗಾರ್ಡು ಅಲ್ಲ ಅವರು" ಎಂದರು. "ಇಂಜಿನ್ನು ಕೂಗೋ ತನಕ ನಿಂತಿರ್ತಾರೆ ಕಣೋ. ಕರೀದೆ ಬರೋರಲ್ಲ."

ಗಾಡಿ ಬಂತು. ಗೇಟಿನ ಹತ್ತಿರ ಎಲ್ಲ ಗಾಡಿಗಳ ಹಾಗೆ ಉದ್ದಕ್ಕೆ ಕೂಗಿತು. ನಮ್ಮನೆಯವರು ಕಂಬಿಯ ಮೇಲೆ ತಲೆಯಿಟ್ಟು ಅತ್ತರು. ಮದುವೆಯಾದಾಗಿನಿಂದ ಅವರು ಅತ್ತಿದ್ದನ್ನು ನಾನು ನೋಡಿದ್ದು ಅದೇ ಮೊದಲು. ಕೊನೇ ಡಬ್ಬಿ ದಾಟುವಾಗ ಅದರ ಗಾರ್ಡು ಹಸಿರು ಬಾವುಟ ಹಿಡಿದು ಬಾಗಿಲಲ್ಲಿ ನಿಂತಿದ್ದ. ಅತ್ತೆ ಕೈಯೆತ್ತಿದರು. ಅವನು ಯಾರೋ ಏನೋ, ಅವನೂ ಎತ್ತಿದ. ಗೇಟು ತೆಗೆದ ಮೇಲೂ ನಾವು ಸ್ವಲ್ಪ ಹೊತ್ತು ಅಲ್ಲೇ ನಿಂತಿದ್ದೆವು.